ಇದ್ದದ್ದೊಂದೇ ಕೀ ಕಳೆದ ದಿನ, ಕಾರಿನ ಹತ್ತಿರವೇ ಬಂದು ಕೀ ಮಾಡಿಕೊಟ್ಟ ಅಪ್ಪ-ಮಗಳು

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಯಾಕೆ ಹೋಯಿತು ಅಂತ ಮುಂದೆ ಬರೆದಿದ್ದೇನೆ. ಊರಿಂದ ದೂರ ಇರುವಾಗ ಕಾರಿನ ಕೀ ಕಳೆದರೆ ಆಗುವ ಸಂಕಟ ಒಂದು. ಮನೆಯಲ್ಲಿ ಇನ್ನೊಂದು ಕೀ ಇಲ್ಲ ಅಂದರೆ ಅದು ಬೇರೆಯೇ ಸಂಕಟ. ಯಾರಿಗೂ ಫೋನ್ ಮಾಡಿ ತರಿಸಿಕೊಳ್ಳುವ ಹಾಗಿಲ್ಲ. ನಮಗೆ ಆಗಿದ್ದು ಅದೇ. ಕಾರಿಗೆ ಇದ್ದದ್ದೊಂದೇ ಕೀ.

ಈ ಕಾರು 2015ರದ್ದು. ನಾನು 2021ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡೆ. ಮಾರಿದವರು ಒಂದು ಕೀ ಕೊಟ್ಟು, "ಇನ್ನೊಂದು ಮನೇಲಿ ಎಲ್ಲೋ ಇದೆ, ಹುಡುಕಿ ಕಳಿಸ್ತೀನಿ" ಅಂದಿದ್ದರು. ಕಳಿಸಲಿಲ್ಲ. ನಾನೂ ಎರಡು ಸಲ ಕೇಳಿ ಸುಮ್ಮನಾದೆ. ಕಾರು ಚೆನ್ನಾಗಿ ಓಡುತ್ತಿತ್ತು, ಕೀ ಕೈಯಲ್ಲಿತ್ತು, ಇನ್ನೇನು ಬೇಕು ಅನಿಸಿತ್ತು.

ಆ ಭಾನುವಾರ ದೊಡ್ಡಮ್ಮನನ್ನು ನೋಡಿಕೊಂಡು ವಾಪಸ್ ಬರುತ್ತಿದ್ದೆವು. ದೊಡ್ಡಮ್ಮನಿಗೆ ಹುಷಾರಿರಲಿಲ್ಲ, ಅಮ್ಮ ದಾರಿಯುದ್ದಕ್ಕೂ ಮಾತೇ ಆಡಿರಲಿಲ್ಲ. ಮನೆ ಇನ್ನೂ 180 ಕಿಲೋಮೀಟರ್ ಇರುವಾಗ ರಸ್ತೆ ಪಕ್ಕ ಹೊಳೆ ಕಾಣಿಸಿತು. "ಸ್ವಲ್ಪ ಹೊತ್ತು ಕೂತು ಹೋಗೋಣ್ವಾ?" ಅಂದರು. ಮರದ ನೆರಳು ನೋಡಿ ಕಾರು ನಿಲ್ಲಿಸಿದೆ. ಕಲ್ಲಿನ ಮೆಟ್ಟಿಲು ಇಳಿದು ನೀರಿನ ಹತ್ತಿರ ಹೋದೆವು. ಒಂದು ಕಡೆ ಅಮ್ಮನ ಕಾಲು ಜಾರಿತು. ನಾನು ಬಗ್ಗಿ ಅವರ ತೋಳು ಹಿಡಿದೆ. ಬೀಳಲಿಲ್ಲ, ಪುಣ್ಯ. ಒಂದು ಗಂಟೆ ಸುಮಾರಿಗೆ ಮೇಲೆ ಬಂದು ಜೇಬಿಗೆ ಕೈ ಹಾಕಿದರೆ ಕೀ ಇಲ್ಲ.

ಹುಡುಕುವಾಗ ನನಗೆ ಉಪಯೋಗಕ್ಕೆ ಬಂದ ಒಂದು ವಿಷಯ ಹೇಳಬೇಕು. ಒಂದು ಗಂಟೆ ಹುಚ್ಚರ ಹಾಗೆ ಹುಲ್ಲು ಕೆದಕಿದ ಮೇಲೆ ಫೋನಲ್ಲಿ ತೆಗೆದ ಫೋಟೋ ನೋಡುವ ಯೋಚನೆ ಬಂತು. 12:14ರ ಫೋಟೋದಲ್ಲಿ ನನ್ನ ಬೆರಳಲ್ಲಿ ಕೀ ಗೊಂಚಲು ನೇತಾಡುತ್ತಿದೆ. 12:31ರ ಫೋಟೋದಲ್ಲಿ ಎರಡೂ ಕೈ ಖಾಲಿ, ಜೇಬು ಚಪ್ಪಟೆ. ನಡುವೆ 17 ನಿಮಿಷ. ಅಮ್ಮ ಜಾರಿದ್ದು ಅದೇ ಹೊತ್ತಲ್ಲಿ. ಅಂದರೆ ಕೀ ಬಿದ್ದದ್ದು ಮೆಟ್ಟಿಲ ಹತ್ತಿರ, ನೀರಿಗೋ ಕಲ್ಲಿನ ಸಂದಿಗೋ. ಕೀ ಸಿಗಲಿಲ್ಲ. ಆದರೆ ಇನ್ನು ಹುಲ್ಲಲ್ಲಿ ಹುಡುಕಿ ಹೊತ್ತು ಕಳೆಯೋದು ಬೇಡ ಅಂತ ಗೊತ್ತಾಯಿತು. ಅಲ್ಲಿ ವಾಹನ ನೋಡಿಕೊಳ್ಳುವ ಕಾವಲುಗಾರರಿದ್ದರು. ನನ್ನ ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಟ್ಟೆ.

ಕೀಗಿಂತ ದೊಡ್ಡ ಚಿಂತೆ ಬೇರೆ ಇತ್ತು. ಅಮ್ಮನಿಗೆ 72. ಸಂಜೆ ಏಳಕ್ಕೆ ಇನ್ಸುಲಿನ್ ತಗೋಬೇಕು. ಅದು ಕಾರಿನೊಳಗೆ, ಹಿಂದಿನ ಸೀಟಿನ ಕೆಳಗೆ ತಂಪು ಚೀಲದಲ್ಲಿತ್ತು. ಕಿಟಕಿಯಿಂದ ಬಗ್ಗಿ ನೋಡಿದರೆ ಚೀಲದ ನೀಲಿ ಅಂಚು ಕಾಣುತ್ತಿತ್ತು. ಕಣ್ಣೆದುರೇ ಇದೆ, ಕೈಗೆ ಸಿಗುತ್ತಿಲ್ಲ. ಅವರು ಬಳಸುವ ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ನು 30 ಡಿಗ್ರಿಗಿಂತ ಜಾಸ್ತಿ ಬಿಸಿ ತಾಗಿದರೆ ಕೆಡುತ್ತದೆ. ಮುಚ್ಚಿದ ಕಾರಿನ ಒಳಗೆ ಬಿಸಿ ಎಷ್ಟು ಬೇಗ ಏರುತ್ತದೆ ಅಂತ ಎಲ್ಲರಿಗೂ ಗೊತ್ತು. ನೆರಳು ನಿಧಾನವಾಗಿ ಕಾರಿನಿಂದ ಸರಿಯುತ್ತಿತ್ತು.

ವಿಮೆಯ ಜೊತೆ ಬರುವ ರಸ್ತೆ ಸಹಾಯದವರಿಗೆ ಫೋನ್ ಮಾಡಿದೆ. ಪಾಪ, ಮರ್ಯಾದೆಯಿಂದಲೇ ಮಾತಾಡಿದರು. ಆದರೆ ಅವರ ಕೈಯಲ್ಲಿದ್ದದ್ದು ಒಂದೇ, ಕಾರು ಎಳೆದುಕೊಂಡು ಹೋಗಿ ಸರ್ವಿಸ್ ಸೆಂಟರ್ ಮುಂದೆ ಬಿಡೋದು. ಭಾನುವಾರ, ಸರ್ವಿಸ್ ಸೆಂಟರ್ ಮುಚ್ಚಿತ್ತು. ತೆರೆದ ಮೇಲೂ ಒಂದೂ ಕೀ ಇಲ್ಲದ ಕಾರಾದರೆ ಕಂಪನಿಯಿಂದ ಹೊಸ ಕೀ ತರಿಸಬೇಕು, ಬರೋಕೆ ದಿನಗಳು ಹಿಡಿಯುತ್ತವೆ ಅಂದರು.

ಆಮೇಲೆ ಇಂಟರ್ನೆಟ್ಟಲ್ಲಿ ಹುಡುಕಿ, ಎಲ್ಲಕ್ಕಿಂತ ಮೇಲೆ ಕಂಡ ಜಾಹೀರಾತಿನ ನಂಬರಿಗೆ ಮಾಡಿದೆ. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಇದೇ ತಪ್ಪು ಬೇರೆಯವರೂ ಮಾಡಬಾರದು. ಆ ಮನುಷ್ಯ ಫೋನಲ್ಲಿ ಏನೂ ಕೇಳಲಿಲ್ಲ. ಯಾವ ಕಾರು, ಯಾವ ವರ್ಷ, ಏನೂ ಇಲ್ಲ. "ಎಲ್ಲಿದೀರಾ" ಅಂತ ಕೇಳಿದ, ಒಂದು ಮೊತ್ತ ಹೇಳಿದ, ನಾಲ್ಕಕ್ಕೆ ಬಂದ. ಬಂದವನು ಕಾರಿನ ಸುತ್ತ ಒಂದು ಸುತ್ತು ಹಾಕಿ, ಫೋನಲ್ಲಿ ಹೇಳಿದ್ದರ ಮೂರು ಪಟ್ಟು ಹೇಳಿದ. ಕೈಯಲ್ಲಿ ದೊಡ್ಡ ಸ್ಕ್ರೂಡ್ರೈವರ್. ಬಾಗಿಲ ಬೀಗಕ್ಕೆ ಅದನ್ನು ಹೊಡೆದು ತಿರುಗಿಸುತ್ತೇನೆ, ಬೀಗ ಹಾಳಾಗುತ್ತದೆ, ಹೊಸದು ಹಾಕಿಸಿಕೊಳ್ಳಿ ಅಂದ. "ಕೀ ಹೇಗೆ ಮಾಡ್ತೀರಿ?" ಅಂತ ಕೇಳಿದೆ. "ಮೊದಲು ಬಾಗಿಲು ತೆಗೀತೀನಿ, ಆಮೇಲೆ ನೋಡೋಣ" ಅಂದ. ನಾನು ಬೇಡ ಅಂದೆ. ಬಂದು ಹೋಗಿದ್ದಕ್ಕೆ ಅಂತ ದುಡ್ಡು ಕೇಳಿದ, ಕೊಟ್ಟು ಕಳಿಸಿದೆ. ಅಮ್ಮ ಕಲ್ಲಿನ ಕಟ್ಟೆ ಮೇಲೆ ಕೂತು ಏನೂ ಮಾತಾಡದೆ ನನ್ನನ್ನೇ ನೋಡುತ್ತಿದ್ದರು.

ನಾನು ಹೊಲಿಗೆ ಕೆಲಸ ಮಾಡುವವಳು, 22 ವರ್ಷದಿಂದ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಳತೆ ತೆಗೆಯದವರನ್ನು ನನಗೆ ನಂಬೋಕೆ ಆಗಲ್ಲ. ಅವನನ್ನು ಕಳಿಸಿದ್ದಕ್ಕೆ ಬೇರೆ ಕಾರಣ ಇಲ್ಲ.

ಈಗ ಆ ಅಪ್ಪ-ಮಗಳ ವಿಷಯ. ನಂಬರ್ ಕೊಟ್ಟದ್ದು ಅದೇ ಕಾವಲುಗಾರರು. "ಹೋದ ವರ್ಷ ಒಬ್ಬರಿಗೆ ಇಲ್ಲೇ ಬಂದು ಮಾಡಿಕೊಟ್ಟಿದ್ರು" ಅಂದರು. ಫೋನ್ ಎತ್ತಿದ್ದು ಒಬ್ಬ ಹುಡುಗಿ. ನಾನು ಬಾಯಿ ತೆರೆದು ಕೀ ಕಳೆದಿದೆ ಅಂದ ತಕ್ಷಣ ಅವಳು ಕೇಳಿದ ಮೊದಲ ಪ್ರಶ್ನೆ ಇದು: "ಆಂಟಿ, ಕಾರೊಳಗೆ ಯಾರಾದ್ರೂ ಇದಾರಾ? ಮಗು, ನಾಯಿ? ಔಷಧಿ ಏನಾದ್ರೂ?"

ಮೂರು ಗಂಟೆಯಿಂದ ನಾನು ಎಷ್ಟು ಜನರ ಜೊತೆ ಮಾತಾಡಿದ್ದೆ. ಒಬ್ಬರೂ ಇದನ್ನು ಕೇಳಿರಲಿಲ್ಲ. ಇನ್ಸುಲಿನ್ ವಿಷಯ ಹೇಳಿದೆ. "ಸರಿ, ಬಂದ ತಕ್ಷಣ ಮೊದಲು ಬಾಗಿಲು ತೆಗೆದುಬಿಡ್ತೀವಿ, ಕೀ ಕೆಲಸ ಆಮೇಲೆ" ಅಂದಳು.

ಆಮೇಲೆ ಒಂದೊಂದಾಗಿ ಕೇಳಿದಳು. ಯಾವ ಕಾರು, ಯಾವ ವರ್ಷ, ಕೀ ತೂರಿಸಿ ತಿರುಗಿಸೋದಾ ಅಥವಾ ಬಟನ್ ಒತ್ತೋದಾ. ರಿಮೋಟಲ್ಲಿ ಲಾಕ್ ಮಾಡಿದ್ರಾ ಕೀ ಹಾಕಿ ಮಾಡಿದ್ರಾ. ಇನ್ನೊಂದು ಕೀ ಎಲ್ಲಾದರೂ ಇದೆಯಾ. ಈ ಕೊನೆಯ ಪ್ರಶ್ನೆಯನ್ನು ಎರಡು ಸಲ ಕೇಳಿದಳು. ಕೆಲಸ ಮಾಡುವ ಒಂದು ಕೀ ಇದ್ದರೆ ಇನ್ನೊಂದು ಸೇರಿಸೋದು ಸುಲಭ, ಒಂದೂ ಇಲ್ಲದಿದ್ದರೆ ಕೆಲಸವೇ ಬೇರೆ, ದುಡ್ಡೂ ಬೇರೆ ಅಂತ ಬಿಡಿಸಿ ಹೇಳಿದಳು. ಮುಂದಿನ ಗಾಜಿನ ಕೆಳಗೆ ಮೂಲೆಯಲ್ಲಿ ಚಾಸಿ ನಂಬರ್ ಕಾಣುತ್ತದೆ, ಓದಿ ಅಂದಳು. ನಾನು ಓದುತ್ತಾ ಒಂದು ಕಡೆ "ಓ" ಅಂದೆ. "ಅದು ಸೊನ್ನೆ ಆಂಟಿ. ಚಾಸಿ ನಂಬರಲ್ಲಿ ಓ ಇರಲ್ಲ. ಐ, ಕ್ಯೂ ಕೂಡ ಇರಲ್ಲ. ಒಂದು, ಸೊನ್ನೆ ಅಂತ ತಪ್ಪು ತಿಳ್ಕೋಬಾರದು ಅಂತ ಬಿಟ್ಟಿದಾರೆ" ಅಂದಳು. 17 ಅಕ್ಷರ-ಅಂಕಿ ಬರೆದುಕೊಂಡು ನನಗೆ ತಿರುಗಿ ಓದಿ ಹೇಳಿದಳು. ನಾನು ಗಿರಾಕಿಗಳಿಗೆ ಅಳತೆ ತಿರುಗಿ ಓದುವ ಹಾಗೇ. ಮೊತ್ತ ಹೇಳಿದಳು, ಅದನ್ನೇ ಮೆಸೇಜಲ್ಲೂ ಕಳಿಸಿದಳು. ಕೊನೆಗೆ ಕೊಟ್ಟದ್ದು ಅಷ್ಟೇ, ಒಂದು ಪೈಸೆ ಜಾಸ್ತಿ ಇಲ್ಲ.

ಒಂದು ಗಂಟೆಯಲ್ಲಿ ಬರುತ್ತೇವೆ ಅಂದಿದ್ದರು. ಬಂದದ್ದು 6:05ಕ್ಕೆ, ಹೇಳಿದ್ದಕ್ಕಿಂತ 45 ನಿಮಿಷ ತಡ. ನಡುವೆ ಫೋನ್ ಇಲ್ಲ, ಮೆಸೇಜ್ ಇಲ್ಲ. ಏಳು ಗಂಟೆಯ ಔಷಧಿ ತಲೆಯಲ್ಲಿ ಇಟ್ಟುಕೊಂಡು ಕಾಯುವವರಿಗೆ ಆ 45 ನಿಮಿಷ ಏನು ಅಂತ ಅವರಿಗೆ ಗೊತ್ತಿರಬೇಕಿತ್ತು. ಹಿಂದಿನ ಕೆಲಸ ತಡವಾಯಿತು ಅಂತ ಆಮೇಲೆ ಹೇಳಿದರು. ಒಂದು ಸಾಲು ಬರೆದು ಕಳಿಸಿದ್ದರೆ ಸಾಕಿತ್ತು. ಅರ್ಧ ಅಂಕ ಹೋಗಿದ್ದು ಮುಖ್ಯವಾಗಿ ಇದಕ್ಕೆ.

ವ್ಯಾನಿಂದ ಇಳಿದವರು ಐವತ್ತರ ಆಸುಪಾಸಿನವರು. ಹಣೆಗೆ ಕಟ್ಟುವ ದೀಪ, ಕೈಯಲ್ಲಿ ಒಂದು ಸಣ್ಣ ಚರ್ಮದ ಪಟ್ಟಿ. ಪಟ್ಟಿ ಬಿಚ್ಚಿದರೆ ಅದರಲ್ಲಿ ಸಾಲಾಗಿ ಉಪಕರಣಗಳು. ಅಮ್ಮನಿಗೆ ಕೈ ಮುಗಿದು, "ಅಮ್ಮಾ, ಬಾಗಿಲು ತೆಗೆದಾಗ ಅಲಾರಂ ಜೋರಾಗಿ ಹೊಡೆಯುತ್ತೆ, ಹೆದರ್ಕೋಬೇಡಿ" ಅಂದರು. ಮಗಳು ಆ ಕಡೆ ಲ್ಯಾಪ್‌ಟಾಪ್ ಬ್ಯಾಗ್ ತೆಗೆಯುತ್ತಿದ್ದಳು.

ಅವರು ಬಳಸಿದ ಉಪಕರಣಕ್ಕೆ ಲಿಶಿ ಅಂತಾರೆ. ನೋಡೋಕೆ ಒಂದು ತೆಳು ಕೀ, ಅದರ ತಲೆಯ ಮೇಲೆ ಸಣ್ಣ ಚೌಕಗಳ ಕೋಷ್ಟಕ ಕೊರೆದಿರುತ್ತದೆ, ಪಕ್ಕದಲ್ಲಿ ಬೆರಳಿಂದ ಆಡಿಸುವ ಒಂದು ಕಡ್ಡಿ. ಬಾಗಿಲ ಬೀಗದೊಳಗೆ ಅದನ್ನು ತೂರಿಸಿ, ಕಣ್ಣು ಅರ್ಧ ಮುಚ್ಚಿ, ಕಡ್ಡಿಯನ್ನು ಕೂದಲೆಳೆಯಷ್ಟು ಆಡಿಸುತ್ತಾ ಹೋದರು. ಬೀಗದ ಒಳಗಿನ ಒಂದೊಂದು ತಗಡೂ ಸರಿಯಾದ ಜಾಗಕ್ಕೆ ಬಂದಾಗ ಸಣ್ಣಗೆ ಕ್ಲಿಕ್ ಅನ್ನುತ್ತದೆ. ನನಗೆ ಕೇಳಿಸಲಿಲ್ಲ, ಅವರ ಬೆರಳಿಗೆ ತಿಳಿಯುತ್ತಿತ್ತು. ನಾಲ್ಕೈದು ನಿಮಿಷ ಆಗಿರಬಹುದು. ಬೀಗ ತಿರುಗಿತು. ಅಲಾರಂ ಕೂಗಿತು. ಬಾಗಿಲು ತೆರೆಯಿತು. ಬೀಗದ ಮೇಲಾಗಲಿ ಬಣ್ಣದ ಮೇಲಾಗಲಿ ಒಂದು ಗೀರು ಇಲ್ಲ.

ನಾನು ಹಿಂದಿನ ಬಾಗಿಲು ತೆಗೆದು ಸೀಟಿನ ಕೆಳಗೆ ಕೈ ಹಾಕಿದೆ. ಚೀಲದೊಳಗಿನ ಐಸ್ ಪೂರ್ತಿ ಕರಗಿತ್ತು, ಆದರೆ ಪೆನ್ನು ಮುಟ್ಟಿದರೆ ಇನ್ನೂ ತಣ್ಣಗಿತ್ತು. ಅಮ್ಮನ ಕೈಗೆ ಕೊಟ್ಟಾಗ 6:12. ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಆಗ ಬಂತು.

ಬಾಗಿಲು ತೆಗೆದ ಮೇಲೆ ಅವರು ಕೆಲಸ ಮುಂದುವರಿಸಲಿಲ್ಲ. "ಮೊದಲು ಕಾಗದ ತೋರಿಸಿಬಿಡಿ ಮೇಡಂ" ಅಂದರು. ಕಾರಿನ ನೋಂದಣಿ ಪತ್ರದಲ್ಲಿರುವ ಹೆಸರು, ನನ್ನ ಗುರುತಿನ ಚೀಟಿ, ಪತ್ರದಲ್ಲಿರುವ ಚಾಸಿ ನಂಬರ್, ಗಾಜಿನ ಕೆಳಗಿರುವ ಚಾಸಿ ನಂಬರ್, ಎಲ್ಲ ತಾಳೆ ನೋಡಿದರು. ಸುಸ್ತಾಗಿದ್ದ ಹೊತ್ತಲ್ಲೂ ಇದು ನನಗೆ ಒಳ್ಳೆಯದನಿಸಿತು. ನನ್ನ ಕಾರಿಗೆ ಬೇರೆ ಯಾರೋ ಹೋಗಿ ಕೀ ಮಾಡಿಸಿಕೊಳ್ಳೋಕೆ ಆಗಬಾರದು ಅಲ್ವಾ?

ಇನ್ನು ಕೀ ಮಾಡಿದ ಕತೆ. ಅದೇ ಲಿಶಿಯನ್ನು ಬೀಗದಲ್ಲಿ ಇಟ್ಟುಕೊಂಡು, ಒಂದೊಂದು ತಗಡು ಎಷ್ಟು ಆಳದಲ್ಲಿ ನಿಂತಿದೆ ಅಂತ ಕೋಷ್ಟಕದಲ್ಲಿ ಓದಿ ಜೋರಾಗಿ ಹೇಳುತ್ತಾ ಹೋದರು. ಮಗಳು ನೋಟ್‌ಬುಕ್ಕಲ್ಲಿ ಬರೆಯುತ್ತಾ ಹೋದಳು. "ಮೂರು." "ಮೂರು." "ಒಂದು." "ಒಂದು." ನನ್ನ ಅಂಗಡಿಯಲ್ಲಿ ನಾನು ಟೇಪು ಹಿಡಿದು ಎದೆ, ಸೊಂಟ, ತೋಳು ಅಂತ ಹೇಳುವಾಗ ಸಹಾಯಕಿ ಬರೆಯುವುದು ಹೀಗೇ. ನಿಜವಾದ ಅಂಕಿಗಳನ್ನು ಇಲ್ಲಿ ಬರೆಯಲ್ಲ, ಯಾಕೆಂದರೆ ಆ ಅಂಕಿಗಳಿದ್ದರೆ ಕೀ ಇದ್ದ ಹಾಗೇ. ನನ್ನ ಕಾರಿನ ಬೀಗದಲ್ಲಿ 8 ಜಾಗ, ಒಂದೊಂದರಲ್ಲೂ 4 ಬಗೆಯ ಆಳ. ಬರೀ ಲೆಕ್ಕಕ್ಕೆ ಹಾಕಿದರೆ 65,536 ಬಗೆಯ ಕೀ ಆಗುತ್ತವೆ.

ವ್ಯಾನಿನ ಹಿಂದೆ ಬ್ಯಾಟರಿಯಲ್ಲಿ ಓಡುವ ಕತ್ತರಿಸುವ ಯಂತ್ರ ಇತ್ತು. ಮೊದಲು ಚಿಪ್ ಇಲ್ಲದ ಒಂದು ಬರೀ ಲೋಹದ ಕೀ ಕತ್ತರಿಸಿದರು. "ಇದು ಟ್ರಯಲ್ ಮೇಡಂ, ಅಳತೆ ಸರಿ ಇದ್ಯಾ ನೋಡೋಕೆ." ನಾನು ಹತ್ತಿರ ಹೋಗಿ ನೋಡಿದೆ. ಕೀಯ ಎರಡೂ ಮಗ್ಗುಲಲ್ಲಿ ನಡುವೆ ಹಾವು ಹರಿದ ಹಾಗೆ ಗೆರೆ ಕೊರೆಯುತ್ತಾ ಯಂತ್ರ ಮುಂದೆ ಹೋಗುತ್ತಿತ್ತು. ಹಿತ್ತಾಳೆ ಬಣ್ಣದ ಪುಡಿ ಅಂಚಲ್ಲಿ ಸೇರುತ್ತಿತ್ತು. ಕತ್ತರಿಸಿದ ಮೇಲೆ ಬ್ರಷ್ಷಿಂದ ಉಜ್ಜಿ, ಬೆರಳುಗುರಲ್ಲಿ ಅಂಚು ಸವರಿ ನೋಡಿ, ಒಂದು ಕಡೆ ಸಣ್ಣಗೆ ಅರದಿಂದ ತೀಡಿದರು. ಆ ತೀಡಿದ್ದು ಯಾರೂ ಕೇಳಿರಲಿಲ್ಲ. ಹಾಗೇ ಕೊಟ್ಟಿದ್ದರೂ ಬೀಗ ತಿರುಗುತ್ತಿತ್ತೇನೋ. ಕೈಕೆಲಸ ಮಾಡುವವರಿಗೆ ಈ ಕೊನೆಯ ತೀಡುವಿಕೆ ಏನು ಅಂತ ಗೊತ್ತು.

ಟ್ರಯಲ್ ಕೀ ಬಾಗಿಲಲ್ಲಿ ಸಲೀಸಾಗಿ ತಿರುಗಿತು. ಸ್ಟೇರಿಂಗ್ ಲಾಕ್ ಬಿಟ್ಟಿತು. ಅವರು ಇಗ್ನಿಷನ್ ಪೂರ್ತಿ ತಿರುಗಿಸಿದರು. ಇಂಜಿನ್ ಹೊತ್ತಿಕೊಂಡಿತು! ನಾನು "ಅಮ್ಮಾ" ಅಂತ ಕೂಗಿದೆ. ಎರಡು ಸೆಕೆಂಡಲ್ಲಿ ನಿಂತುಹೋಯಿತು. ಡ್ಯಾಶ್‌ಬೋರ್ಡಲ್ಲಿ ಕಾರಿನ ಚಿತ್ರದೊಳಗೆ ಬೀಗದ ಗುರುತು ಮಿಣಮಿಣ ಅನ್ನುತ್ತಿತ್ತು.

"ಇದು ಹೀಗೇ ಆಗಬೇಕು" ಅಂದಳು ಮಗಳು. "ಅಳತೆ ಸರಿ ಇದೆ, ಗುರುತು ಇನ್ನೂ ಆಗಿಲ್ಲ."

ಅಮ್ಮ ಕೇಳಿದರು, "ಮುಂಚೆ ಎರಡು ವೈರ್ ಜೋಡಿಸಿ ಶುರು ಮಾಡ್ತಿದ್ರಲ್ಲಪ್ಪಾ, ಈಗ ಹಾಗಾಗಲ್ವಾ?"

"ಅದನ್ನ ನಿಲ್ಲಿಸೋಕೇ ಇದು ಬಂದದ್ದಮ್ಮಾ" ಅಂದರು ಅವರು. ಅಪ್ಪ-ಮಗಳು ಇಬ್ಬರೂ ಸೇರಿ ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಸೆಂಟಿಮೀಟರ್ ಚಿಲ್ಲರೆ ಉದ್ದದ ಒಂದು ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಇಗ್ನಿಷನ್ ಸುತ್ತ ಒಂದು ತಂತಿಯ ಸುರುಳಿ ಇದೆ. ಕೀ ಹಾಕಿ ತಿರುಗಿಸಿದಾಗ ಅದು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಅಲೆ ಬಿಡುತ್ತದೆ. ಆ ಅಲೆಯಿಂದಲೇ ಚಿಪ್ಪಿಗೆ ಶಕ್ತಿ ಬಂದು ತನ್ನ ಗುರುತು ಹೇಳುತ್ತದೆ. ಕಾರಿನ ನೆನಪಲ್ಲಿರುವ ಗುರುತು ಅದಕ್ಕೆ ಹೊಂದಿದರೆ ಇಂಜಿನ್ ಓಡುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಇದಕ್ಕೆ ಇಮ್ಮೊಬಿಲೈಸರ್ ಅಂತ ಹೆಸರು. ಯುರೋಪಿನಲ್ಲಿ 1998ರ ಅಕ್ಟೋಬರ್‌ನಿಂದ ಹೊಸ ಕಾರುಗಳಿಗೆ ಕಡ್ಡಾಯವಾಯಿತು, ಕೆನಡಾದಲ್ಲಿ 2007ರಲ್ಲಿ. ರಿಮೋಟ್ ಬಟನ್ನಿನದ್ದು ಪೂರ್ತಿ ಬೇರೆ ಕೆಲಸ, ಅದಕ್ಕೆ ಒಳಗಿರುವ ಗುಂಡನೆಯ ಬ್ಯಾಟರಿ ಬೇಕು. ಅದಕ್ಕೇ ರಿಮೋಟ್ ಸತ್ತರೂ ನನ್ನಂಥ ಕಾರು ಶುರುವಾಗುತ್ತದೆ. ಇಷ್ಟು ವರ್ಷ ಕಾರು ಓಡಿಸಿದ್ದೇನೆ, ಇದು ನನಗೆ ಗೊತ್ತಿರಲಿಲ್ಲ.

ಮಗಳು ಸ್ಟೇರಿಂಗ್ ಕೆಳಗೆ ಇರುವ ಸಾಕೆಟ್ಟಿಗೆ ತನ್ನ ಉಪಕರಣ ಸಿಕ್ಕಿಸಿದಳು. ಅದಕ್ಕೂ ಮೊದಲು ಕಾರಿನ ಬ್ಯಾಟರಿ ನೋಡಿದಳು. 12.1 ವೋಲ್ಟ್ ಇತ್ತು. ಪೂರ್ತಿ ಚಾರ್ಜ್ ಆಗಿದ್ದರೆ 12.6ರ ಹತ್ತಿರ ಇರಬೇಕಂತೆ. "ನಡುವೆ ವೋಲ್ಟೇಜ್ ಇಳಿದ್ರೆ ಕಾರಿನ ಕಂಪ್ಯೂಟರೇ ಕೆಡಬಹುದು" ಅಂತ ವ್ಯಾನಿಂದ ಇನ್ನೊಂದು ಬ್ಯಾಟರಿ ತಂದು ಜೋಡಿಸಿದಳು. ಆಮೇಲೆ ಉಪಕರಣದ ಪರದೆಯಲ್ಲಿ ಹತ್ತು ನಿಮಿಷ ಇಳಿಯೋಕೆ ಶುರುವಾಯಿತು.

"ಇದ್ಯಾಕೆ ಕಾಯಬೇಕು?"

"ಕಾರೇ ಕಾಯಿಸುತ್ತೆ ಆಂಟಿ. ಕಳ್ಳರಿಗೆ ಅಷ್ಟು ಹೊತ್ತು ನಿಲ್ಲೋಕೆ ಧೈರ್ಯ ಇರಲ್ಲ."

ಹತ್ತು ನಿಮಿಷ ಮುಗಿದ ಮೇಲೆ ಪರದೆ ನೋಡಿ ಅವಳು ಸುಮ್ಮನಾದಳು. ನನ್ನ ಕಡೆ ತಿರುಗಿಸಿ ತೋರಿಸಿದಳು. ಕಾರಿನ ನೆನಪಲ್ಲಿ ಇರುವ ಕೀಗಳ ಸಂಖ್ಯೆ, 2.

"ಇನ್ನೊಂದು ಯಾರ ಹತ್ರ ಇದೆ ಆಂಟಿ?"

ನನಗೆ ಮೈ ಜುಮ್ಮೆಂದಿತು. ಎಲ್ಲೋ ಇದೆ ಅಂದಿದ್ದ ಆ ಇನ್ನೊಂದು ಕೀ. ಇಷ್ಟು ವರ್ಷ ನನ್ನ ಕಾರು ಮನೆ ಮುಂದೆ, ಅಂಗಡಿ ಮುಂದೆ ನಿಂತಿತ್ತು. ಅದನ್ನು ತೆಗೆದುಕೊಂಡು ಹೋಗಬಹುದಾದ ಕೀ ಬೇರೆ ಯಾರದ್ದೋ ಕೈಯಲ್ಲಿತ್ತು, ಅಥವಾ ಯಾರದ್ದೋ ಡ್ರಾಯರಿನಲ್ಲಿ ಬಿದ್ದಿತ್ತು. ಆ ಮಾರಿದವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಕೀಯನ್ನು ಬಿಡದೆ ಕೇಳಿ ತಗೋಬೇಕಿತ್ತು, ಅಥವಾ ಕಾರು ತಂದ ವಾರವೇ ಹೀಗೆ ಯಾರ ಹತ್ತಿರವಾದರೂ ಹೋಗಿ ಅಳಿಸಬೇಕಿತ್ತು. ಅವಳು ಎರಡನ್ನೂ ಅಳಿಸಿದಳು. ಹೊಸದಾಗಿ ಎರಡು ಕೀ ಸೇರಿಸಿದಳು. ಎರಡು ಮಾಡಿಸಿ ಅಂತ ಅವಳೇ ಫೋನಲ್ಲಿ ಹೇಳಿದ್ದಳು. ಒಂದಕ್ಕೆ ಹಿಡಿಯುವ ಕೆಲಸವೇ ದೊಡ್ಡದು, ಜೊತೆಗೆ ಎರಡನೆಯದು ಸೇರಿಸೋಕೆ ಜಾಸ್ತಿ ಆಗಲ್ಲ ಅಂದಿದ್ದಳು.

7:50ಕ್ಕೆ ಹೊಸ ಕೀ ಹಾಕಿ ತಿರುಗಿಸಿದೆ. ಇಂಜಿನ್ ಓಡಿತು. ಈ ಸಲ ನಾನು ಕೂಗಲಿಲ್ಲ, ಎರಡು ಸೆಕೆಂಡ್ ಎಣಿಸಿದೆ. ಮೂರು, ನಾಲ್ಕು, ಐದು. ನಿಲ್ಲಲಿಲ್ಲ. ಅವರು ಎರಡನೇ ಕೀಯನ್ನೂ ನನ್ನ ಕೈಯಲ್ಲೇ ಹಾಕಿಸಿ ಶುರು ಮಾಡಿಸಿದರು. ಬಾಗಿಲು, ಡಿಕ್ಕಿ, ಎರಡೂ ರಿಮೋಟ್, ಎಲ್ಲ ನಾನೇ ಮಾಡಿ ನೋಡಿದ ಮೇಲೇ ದುಡ್ಡು ತೆಗೆದುಕೊಂಡರು.

ಕೊರತೆಗಳೂ ಇವೆ. ತಡ ಬಂದದ್ದು ಹೇಳಿದೆ. ರಿಮೋಟಿನ ಪ್ಲಾಸ್ಟಿಕ್ ಕವಚ ಕಂಪನಿಯದ್ದಲ್ಲ. ಒಂದರ ಅನ್‌ಲಾಕ್ ಬಟನ್ ಬಿಗಿ, ಹೆಬ್ಬೆರಳು ಒತ್ತಿ ಹಿಡಿಯಬೇಕು, ಅಮ್ಮನಿಗೆ ಅದು ಆಗುವುದಿಲ್ಲ. ರಸೀದಿಯಲ್ಲಿ ಬರೀ "ಕೀ 2" ಅಂತ ಬರೆದಿತ್ತು. ಹಳೆಯ ಕೀ ಅಳಿಸಿದ್ದು, ಚಿಪ್ ಹಾಕಿದ್ದು, ಎಷ್ಟು ದಿನ ಗ್ಯಾರಂಟಿ, ಏನೂ ಇರಲಿಲ್ಲ. ನಾನು ಕೇಳಿದ ಮೇಲೆ ಅದೇ ಚೀಟಿಯ ಹಿಂದೆ ಬರೆದುಕೊಟ್ಟರು. ಕೀಯ ಕೋಡ್ ಕೂಡ ಕೇಳಿದ ಮೇಲೇ ಕೊಟ್ಟದ್ದು. ಅದನ್ನು ತಾವಾಗಿಯೇ ಕೊಡಬೇಕು. ಆ ಅಂಕಿಗಳಿದ್ದರೆ ಮುಂದೆ ಬೀಗ ಮುಟ್ಟದೆಯೇ ಲೋಹದ ಕೀ ಕತ್ತರಿಸಬಹುದು.

ಇನ್ನೊಂದು ವಿಷಯ ಅವರೇ ಮುಚ್ಚುಮರೆ ಇಲ್ಲದೆ ಹೇಳಿದರು. ಎಲ್ಲ ಕಾರಿಗೂ ರಸ್ತೆ ಬದಿಯಲ್ಲಿ ಹೀಗೆ ಮಾಡೋಕೆ ಆಗಲ್ಲ. ಬಟನ್ ಒತ್ತಿ ಶುರು ಮಾಡುವ ಹೊಸ ಕಾರುಗಳಲ್ಲಿ ಕೆಲವಕ್ಕೆ ಕಂಪನಿಯ ಅನುಮತಿ, ಕಂಪನಿಯ ಕೋಡ್ ಬೇಕೇ ಬೇಕು. ಅಂಥ ಕಾರಿನವರು ಫೋನ್ ಮಾಡಿದರೆ ಬರುವುದಿಲ್ಲ ಅಂತ ಫೋನಲ್ಲೇ ಹೇಳಿಬಿಡುತ್ತಾರಂತೆ. ಹಾಗಾಗಿ ನಿಮ್ಮದು ಅಂಥ ಕಾರಾಗಿದ್ದರೆ ನನ್ನ ಈ ನಾಲ್ಕೂವರೆ ಅಂಕ ನೋಡಿ ಭರವಸೆ ಇಟ್ಟುಕೊಳ್ಳಬೇಡಿ, ಮೊದಲು ಕೇಳಿ.

ಅವತ್ತು ರಾತ್ರಿ ಮನೆ ಸೇರುವಾಗ ಹನ್ನೊಂದೂವರೆ. ಮೂರನೇ ದಿನ ಒಂದು ರಿಮೋಟಿನ ಡಿಕ್ಕಿ ಬಟನ್ ಕೆಲಸ ಮಾಡಲಿಲ್ಲ. ಫೋನ್ ಮಾಡಿದೆ. ನಾನು ಹೆಸರು ಹೇಳುವ ಮೊದಲೇ ಆ ಹುಡುಗಿ "ಅಜ್ಜಿ ಹೇಗಿದಾರೆ ಆಂಟಿ?" ಅಂತ ಕೇಳಿದಳು. ಆಮೇಲೆ ಇಗ್ನಿಷನ್ ಆನ್ ಮಾಡಿ ಯಾವ ಬಟನ್ ಎಷ್ಟು ಹೊತ್ತು ಒತ್ತಬೇಕು ಅಂತ ಹೇಳಿ ಕೂತಲ್ಲೇ ಸರಿ ಮಾಡಿಸಿದಳು. ಅದಕ್ಕೆ ದುಡ್ಡು ಕೇಳಲಿಲ್ಲ.

19 ದಿನ ಆದ ಮೇಲೆ ಆ ಕಾವಲುಗಾರರ ಫೋನ್ ಬಂತು. ಹೊಳೆಯಲ್ಲಿ ನೀರು ಇಳಿದಿತ್ತಂತೆ. ನೀರಿನ ಹತ್ತಿರದ ಮೆಟ್ಟಿಲ ಕೆಳಗೆ, ಎರಡು ಕಲ್ಲಿನ ಸಂದಿಯಲ್ಲಿ ಕೀ ಸಿಕ್ಕಿಕೊಂಡಿತ್ತು. ನನ್ನ ಚೀಟಿ ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು. ಕೊರಿಯರಲ್ಲಿ ಕಳಿಸಿದರು. ಅವರಿಗೂ ಇಲ್ಲಿ ಒಂದು ದೊಡ್ಡ ನಮಸ್ಕಾರ.

ಕೀ ಬಂದ ದಿನ ಕಾರಿನ ಹತ್ತಿರ ಹೋಗಿ ನೋಡಿದೆ. ರಿಮೋಟ್ ಒಳಗೆ ಹಸಿರು ಪಾಚಿ ಕಟ್ಟಿ ಬ್ಯಾಟರಿ ತುಕ್ಕು ಹಿಡಿದಿತ್ತು. ಬಟನ್ ಒತ್ತಿದರೆ ಏನೂ ಆಗಲಿಲ್ಲ. ಬಾಗಿಲಿಗೆ ಹಾಕಿ ತಿರುಗಿಸಿದೆ, ಬೀಗ ತೆರೆಯಿತು. ಲೋಹದ ಅಳತೆ ಹಳೆಯದೇ, ಅದನ್ನು ಯಾರೂ ಅಳಿಸೋಕೆ ಆಗಲ್ಲ. ಕೀ ಜೊತೆ ಮನೆ ವಿಳಾಸವೂ ಕಳೆದಿದ್ದರೆ ಬಾಗಿಲ ಬೀಗವನ್ನೇ ಬದಲಾಯಿಸಬೇಕು ಅಂತ ಆ ಹುಡುಗಿ ಯಾಕೆ ಹೇಳಿದ್ದಳು ಅಂತ ಆಗ ಸರಿಯಾಗಿ ತಿಳಿಯಿತು. ಒಳಗೆ ಕೂತು ಇಗ್ನಿಷನ್ ತಿರುಗಿಸಿದೆ. ಇಂಜಿನ್ ಹೊತ್ತಿಕೊಂಡಿತು, ಎರಡು ಸೆಕೆಂಡ್ ಓಡಿತು, ನಿಂತಿತು. ಅದೇ ಬೀಗದ ಗುರುತು ಮಿಣಮಿಣ.

ಮುಂದಿನ ತಿಂಗಳು ದೊಡ್ಡಮ್ಮನನ್ನು ನೋಡೋಕೆ ಮತ್ತೆ ಅದೇ ದಾರಿಯಲ್ಲಿ ಹೋಗುತ್ತೇವೆ. ದಾರಿಯಲ್ಲಿ ಅವರ ಅಂಗಡಿಗೆ ಹೋಗಿ ಈ ಹಳೆಯ ಕೀಯನ್ನೂ ಸೇರಿಸಿಕೊಳ್ಳಬೇಕು ಅಂತಿದೆ. ಕೆಲಸ ಮಾಡುವ ಕೀ ಕೈಯಲ್ಲಿದ್ದರೆ ಕಾಲು ಗಂಟೆಯೂ ಬೇಡ ಅಂದಿದ್ದಾಳೆ. ಬಿಗಿ ಬಟನ್ನಿನ ಕವಚವನ್ನೂ ಬದಲಾಯಿಸಿಕೊಡುತ್ತಾಳಂತೆ. ಎರಡನೇ ಕೀ ಈಗ ಅಮ್ಮನ ಕೈಚೀಲದಲ್ಲಿದೆ, ಇನ್ಸುಲಿನ್ ಪೆನ್ನಿನ ಪಕ್ಕದ ಖಾನೆಯಲ್ಲಿ. ಆ ಚೀಲವನ್ನು ಅಮ್ಮ ಕಾರಲ್ಲಿ ಬಿಟ್ಟು ಇಳಿಯುವುದಿಲ್ಲ.